ಫ್ಯಾಮಿಲಿ ಡಾಕ್ಟ್ರ ರೆಕಾರ್ಡಿನಿಂದ ಮದ್ದಿನ ಸೈಡ್ ಎಫೆಕ್ಟ್ ಹುಡುಕುದು ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಳೆದ ತಿಂಗಳು ಊರಿನ ವಾಚನಾಲಯದಲ್ಲಿ ಮದ್ದಿನ ಸೇಫ್ಟಿ ಬಗ್ಗೆ ಅರ್ಧ ಗಂಟೆ ಮಾತಾಡಿ ಅಂತ ಕರೆದಿದ್ರು. ನಾನು ಮಾತಾಡಿದ್ದು ಇಪ್ಪತ್ತು ನಿಮಿಷ, ಪ್ರಶ್ನೆಗೆ ಉತ್ತರ ಕೊಟ್ಟದ್ದು ಒಂದೂವರೆ ಗಂಟೆ, ಚಾ ಕುಡಿವಾಗಲೂ ಬಿಡ್ಲಿಲ್ಲ. ನಾನು ಫಾರ್ಮಸಿಸ್ಟ್. ಮೊದ್ಲು ಬದಿಯಡ್ಕ ಕಡೆ ಒಂದು ಮೆಡಿಕಲ್‌ನಲ್ಲಿ ಇದ್ದೆ, ಈಗ ಮಂಗಳೂರಿನಲ್ಲಿ ಅಡ್ಡಪರಿಣಾಮದ ರಿಪೋರ್ಟು ನೋಡುವ ಕೆಲಸ. ಅವತ್ತು ಕೇಳಿದ್ದು, ಆಮೇಲೆ ಫೋನ್ ಮಾಡಿ ಕೇಳಿದ್ದು ಎಲ್ಲ ಸೇರಿಸಿ ಇಲ್ಲಿ ಬರ್ದಿದ್ದೇನೆ.

ಮದ್ದು ಅಂಗಡಿಗೆ ಬರುವ ಮೊದ್ಲೇ ಟೆಸ್ಟ್ ಮಾಡಿರ್ತಾರಲ್ಲ, ಮತ್ತೆ ಇದೆಲ್ಲ ಎಂತಕ್ಕೆ?

ಮಾಡಿರ್ತಾರೆ, ಆದ್ರೆ ಎಷ್ಟು ಜನರ ಮೇಲೆ ಅಂತ ನೋಡ್ಬೇಕು. ಸಾಮಾನ್ಯವಾಗಿ ಕೆಲವು ಸಾವಿರ ಜನ, ಕೆಲವು ತಿಂಗಳು ಅಥವಾ ಒಂದೆರಡು ವರ್ಷ, ಅಷ್ಟೇ. ಒಂದು ಸಣ್ಣ ಲೆಕ್ಕ ಉಂಟು: 10,000 ಜನರಲ್ಲಿ ಒಬ್ಬರಿಗೆ ಬರುವ ತೊಂದ್ರೆಯನ್ನು ಒಂದು ಸಲವಾದ್ರೂ ಕಾಣ್ಬೇಕಾದ್ರೆ ಹೆಚ್ಚುಕಮ್ಮಿ 30,000 ಜನರಿಗೆ ಮದ್ದು ಕೊಟ್ಟು ನೋಡ್ಬೇಕು, ಆವಾಗ ಮಾತ್ರ ನೂರಕ್ಕೆ 95 ಪಾಲು ಅದು ಕಣ್ಣಿಗೆ ಬೀಳ್ತದೆ ಅಂತ ಹೇಳ್ಬಹುದು. ಅಷ್ಟು ದೊಡ್ಡ ಟ್ರಯಲ್ ಮಾಡುದು ತುಂಬ ಅಪರೂಪ. ಮತ್ತೆ ಟ್ರಯಲಿಗೆ ಸೇರಿಸುವವರು ಯಾರು? ಬಸುರಿಯರು ಇರುದಿಲ್ಲ, ಎಂಬತ್ತು ದಾಟಿದ ಅಜ್ಜಂದಿರು ಕಮ್ಮಿ, ಬಿಪಿ ಶುಗರು ಕಿಡ್ನಿ ಎಲ್ಲದಕ್ಕೂ ಒಟ್ಟಿಗೆ ಒಂಬತ್ತು ಗುಳಿಗೆ ನುಂಗುವವರನ್ನು ದೂರ ಇಡ್ತಾರೆ. ನಿಜ ಜೀವನದಲ್ಲಿ ಮದ್ದು ನುಂಗುದು ಹೆಚ್ಚು ಅವರೇ.

ಉದಾಹರಣೆಗೆ ಫ್ಲೂಕ್ಲಾಕ್ಸಸಿಲಿನ್ ಅಂತ ಒಂದು ಆಂಟಿಬಯಾಟಿಕ್, ಬ್ರಿಟನ್‌ನಲ್ಲಿ ತುಂಬ ಬಳಸ್ತಾರೆ. ಅದರಿಂದ ಕೆಲವರಿಗೆ ಲಿವರ್ ಕೆಟ್ಟು ಕಾಮಾಲೆ ಬರ್ತದೆ, ಅದೂ ಮದ್ದು ಮುಗಿಸಿ ವಾರಗಟ್ಲೆ ಆದ ಮೇಲೆ ಬರುದುಂಟು, ಅಷ್ಟೊತ್ತಿಗೆ ಮದ್ದು ತಿಂದದ್ದೇ ಮರ್ತು ಹೋಗಿರ್ತದೆ. ಅಲ್ಲಿನ ಫ್ಯಾಮಿಲಿ ಡಾಕ್ಟ್ರುಗಳ ರೆಕಾರ್ಡಿನಲ್ಲಿ ಎರಡೂಮುಕ್ಕಾಲು ಲಕ್ಷಕ್ಕಿಂತ ಹೆಚ್ಚು ಜನರನ್ನು ನೋಡಿದಾಗ ಸಿಕ್ಕಿದ ಲೆಕ್ಕ, ಹೊಸದಾಗಿ ತಗೊಂಡ ಒಂದು ಲಕ್ಷ ಜನರಲ್ಲಿ ಸುಮಾರು 8.5. ಅಂದ್ರೆ 12,000ಕ್ಕೆ ಒಬ್ಬ. ಒಬ್ಬ ಡಾಕ್ಟ್ರು ಇಡೀ ಜನ್ಮದಲ್ಲಿ ಅಂಥ ಒಂದು ಕೇಸ್ ನೋಡಿಯಾರು, ನೋಡದೆಯೂ ಇದ್ದಾರು.

ಪ್ರೈಮರಿ ಕೇರ್ ರೆಕಾರ್ಡ್ ಅಂದ್ರೆ ಸರಿ ಎಂತ?

ಬ್ರಿಟನ್‌ನಲ್ಲಿ ಹೆಚ್ಚುಕಮ್ಮಿ ಎಲ್ಲರಿಗೂ ಮನೆ ಹತ್ರದ ಒಂದು ಜಿಪಿ ಕ್ಲಿನಿಕ್‌ನಲ್ಲಿ ಹೆಸರು ಇರ್ತದೆ. ಜಿಪಿ ಅಂದ್ರೆ ನಮ್ಮ ಹಳೇ ಕಾಲದ ಮನೆ ಡಾಕ್ಟ್ರು ಇದ್ದ ಹಾಗೆ. ಜ್ವರಕ್ಕೂ ಅಲ್ಲಿಗೇ, ಬಿಪಿ ಗುಳಿಗೆಗೂ ಅಲ್ಲಿಗೇ, ದೊಡ್ಡ ಆಸ್ಪತ್ರೆಗೆ ಹೋದ್ರೂ ಅಲ್ಲಿಯ ಸ್ಪೆಷಲಿಸ್ಟ್ ಬರೆದ ಪತ್ರ ವಾಪಸ್ ಜಿಪಿಗೇ ಬರ್ತದೆ. ಒಬ್ಬ ಮನುಷ್ಯನ ಇಪ್ಪತ್ತು ಮೂವತ್ತು ವರ್ಷದ ಸೀಕು, ಮದ್ದು, ರಕ್ತ ಪರೀಕ್ಷೆ ಎಲ್ಲ ಒಂದೇ ಫೈಲಿನಲ್ಲಿ, ತಾರೀಕು ಸಮೇತ.

1987ರಲ್ಲಿ ವ್ಯಾಂಪ್ ಅಂತ ಒಂದು ಕಂಪನಿ ಜಿಪಿಗಳಿಗೆ ಕಂಪ್ಯೂಟರ್ ಕೊಟ್ಟು ಬದ್ಲಿಗೆ ಹೆಸರಿಲ್ಲದ ಡೇಟಾ ತಗೊಳ್ಳುವ ವ್ಯವಸ್ಥೆ ಶುರು ಮಾಡಿತು. ಅದು ಆಮೇಲೆ ಸರ್ಕಾರದ ಕೈಗೆ ಬಂತು, 1993ರಲ್ಲಿ ಜನರಲ್ ಪ್ರಾಕ್ಟಿಸ್ ರಿಸರ್ಚ್ ಡೇಟಾಬೇಸ್ ಆಯ್ತು, 2012ರಿಂದ ಸಿಪಿಆರ್‌ಡಿ ಅಂತ ಹೆಸರು. ಈಗ ಅದರಲ್ಲಿ ಹಳಬರು ಹೊಸಬರು ಸೇರಿ 6 ಕೋಟಿಗೂ ಮಿಕ್ಕಿ ಜನರ ರೆಕಾರ್ಡ್ ಉಂಟು. ಅಡ್ಡಪರಿಣಾಮದ ಬಗ್ಗೆ ಪೇಪರಿನಲ್ಲಿ ಓದ್ತೀರಲ್ಲ, ಅದರಲ್ಲಿ ಒಳ್ಳೆ ಪಾಲು ಈ ಫೈಲುಗಳಿಂದ ಬಂದದ್ದು.

ದೊಡ್ಡ ಆಸ್ಪತ್ರೆಯ ರೆಕಾರ್ಡ್ ಆದ್ರೆ ಆಗುದಿಲ್ವ?

ಅರ್ಧ ಮಾತ್ರ ಆಗ್ತದೆ. ಆಸ್ಪತ್ರೆಗೆ ಬರುದು ತೊಂದ್ರೆ ಆದವರು. ಅದೇ ಮದ್ದು ತಿಂದು ಆರಾಮಾಗಿ ಮನೆಯಲ್ಲಿ ಅಡಿಕೆ ಸುಲಿತಾ ಕೂತವರ ಲೆಕ್ಕ ಅಲ್ಲಿ ಇಲ್ಲ. ಹತ್ತು ಜನರಿಗೆ ತೊಂದ್ರೆ ಆಯ್ತು ಅಂದ್ರೆ ನೂರರಲ್ಲಿ ಹತ್ತಾ, ಲಕ್ಷದಲ್ಲಿ ಹತ್ತಾ? ಇಡೀ ವಿಷಯ ಇರುದೇ ಅಲ್ಲಿ.

ನಮ್ಮ ಕಾಸರಗೋಡಿನಲ್ಲಿ ಇಂಥದ್ದು ಉಂಟಾ?

ಉಂಟು ಅಂತಲೂ ಹೇಳ್ಬಹುದು, ಇಲ್ಲ ಅಂತಲೂ ಹೇಳ್ಬಹುದು. ನಮ್ಮ ಪಿಎಚ್‌ಸಿಗಳು ಕೇರಳ ಸರ್ಕಾರದ ಆರ್ದ್ರಂ ಮಿಷನ್‌ನಲ್ಲಿ ಕುಟುಂಬ ಆರೋಗ್ಯ ಕೇಂದ್ರ ಆಗಿವೆ, ಕೇರಳದ ಇ-ಹೆಲ್ತ್ ಬಂದ ಕಡೆ ಒ.ಪಿ. ಚೀಟಿ ಕಂಪ್ಯೂಟರಿನಲ್ಲೇ ಆಗ್ತದೆ, ಒಬ್ಬೊಬ್ಬರಿಗೆ ಒಂದೊಂದು ನಂಬರ್. ಕೇಂದ್ರದ್ದು 14 ಅಂಕೆಯ ಆಭಾ ಆರೋಗ್ಯ ನಂಬರ್ ಬೇರೆ, ಅದನ್ನು ಕೊಡುವ ಡಿಜಿಟಲ್ ಮಿಷನ್ ದೇಶಕ್ಕೆಲ್ಲ ಶುರುವಾದದ್ದು 2021ರ ಸೆಪ್ಟೆಂಬರಿನಲ್ಲಿ. ಕಾಗದದ ಮೇಲೆ ಎಲ್ಲ ಲಾಯ್ಕ ಉಂಟು.

ಇನ್ನು ನಮ್ಮ ದೊಡ್ಡಮ್ಮನ ತೊಟ್ಟೆಯ ಕಥೆ ಕೇಳಿ. ಎಲ್ಲರ ಮನೆಯಲ್ಲೂ ಒಂದು ಇರ್ತದಲ್ಲ, ಯಾವುದೋ ಜವಳಿ ಅಂಗಡಿಯ ಪ್ಲಾಸ್ಟಿಕ್ ತೊಟ್ಟೆ, ಅದರಲ್ಲಿ ಮದ್ದಿನ ಚೀಟಿ. ಒಂದು ಸಂಜೆ ಅದನ್ನು ಜಗಲಿಯಲ್ಲಿ ಸುರಿದು ತಾರೀಕು ಪ್ರಕಾರ ಜೋಡಿಸ್ಲಿಕ್ಕೆ ಕೂತೆ. ಸರ್ಕಾರಿ ಆಸ್ಪತ್ರೆಯ ಚೀಟಿ ಏಳು, ಕುಂಬಳೆಯ ಪ್ರೈವೇಟ್ ಡಾಕ್ಟ್ರದ್ದು ನಾಲ್ಕು, ಮಂಗಳೂರಿನ ಆಸ್ಪತ್ರೆಯ ಒಂದು ದಪ್ಪ ಫೈಲು, ಲ್ಯಾಬ್ ರಿಪೋರ್ಟು ಒಂದು ಕಟ್ಟು (ಮಧ್ಯದಲ್ಲಿ 2019ರ ಕರೆಂಟ್ ಬಿಲ್ಲು), ಹೆಸರಿದ್ದ ಬದಿಯೇ ಹರಿದು ಹೋದ ಗುಳಿಗೆ ಶೀಟು ಮೂರು. ದೊಡ್ಡಮ್ಮನ ಪ್ರಾಯ ಒಂದರಲ್ಲಿ 61, ಒಂದರಲ್ಲಿ 64, ಅದೇ ವರ್ಷ ಮತ್ತೊಂದರಲ್ಲಿ 67. ಹೆಸರು ಒಂದು ಕಡೆ ಮನೆ ಹೆಸರಿನ ಇನಿಷಿಯಲ್ ಮುಂದೆ ಹಾಕಿ, ಇನ್ನೊಂದು ಕಡೆ ಗಂಡನ ಹೆಸರು ಹಿಂದೆ ಹಾಕಿ, ಮಲಯಾಳದಲ್ಲಿ ಬರೆದದ್ದನ್ನು ಇಂಗ್ಲಿಷಿಗೆ ಮಾಡುವಾಗ ಒಂದು ಅಕ್ಷರ ಕಮ್ಮಿ. ಕಂಪ್ಯೂಟರಿಗೆ ಇವರು ಮೂರು ಜನ. ಮತ್ತೆ ನೋಡಿದ್ರೆ ಶುಗರಿನ ಮೆಟ್‌ಫಾರ್ಮಿನ್ ಎರಡು ಬೇರೆ ಬೇರೆ ಕಂಪನಿ ಹೆಸರಿನಲ್ಲಿ ಎರಡು ಚೀಟಿಯಲ್ಲಿ ಉಂಟು, ಎರಡನ್ನೂ ನುಂಗ್ತಾ ಇದ್ದಾರೆ! "ಬಣ್ಣ ಬೇರೆ ಅಲ್ವ ಮಗಾ, ಒಂದು ಆಚೆದು ಒಂದು ಈಚೆದು" ಅಂದ್ರು. ತಲಪಾಡಿ ಗಡಿಯಿಂದ ಆಚೆದು, ಈಚೆದು.

ಇದು ದೊಡ್ಡಮ್ಮನ ತಪ್ಪಲ್ಲ. ಗಡಿಯಲ್ಲಿ ಇರುವವರ ಪಾಡೇ ಹೀಗೆ, ರೇಷನ್ ಇಲ್ಲಿ, ಆಪರೇಶನ್ ಅಲ್ಲಿ. 2020ರ ಲಾಕ್‌ಡೌನಿನಲ್ಲಿ ತಲಪಾಡಿ ಮುಚ್ಚಿದಾಗ ಎಷ್ಟು ಜನ ಕಾಸರಗೋಡಿನಲ್ಲಿ ಹೊಸ ಡಾಕ್ಟ್ರ ಎದುರು ಕೂತು "ಬಿಳಿ ಗುಳಿಗೆ, ಮಧ್ಯದಲ್ಲಿ ಗೆರೆ ಉಂಟು" ಅಂತ ವಿವರಿಸಿದ್ರು ನೆನಪುಂಟಲ್ಲ. ರೆಕಾರ್ಡ್ ಇಲ್ಲ ಅಂತಲ್ಲ, ಅದು ತುಂಡಾಗಿ ಬಿದ್ದಿದೆ. ಸಂಶೋಧನೆಗೆ ತುಂಡು ತುಂಡು ರೆಕಾರ್ಡ್ ಕೆಲವು ಸಲ ಇಲ್ಲದ್ದಕ್ಕಿಂತಲೂ ಕಷ್ಟ, ಯಾಕಂದ್ರೆ ಮದ್ದು ಒಂದು ತುಂಡಿನಲ್ಲಿ ಇರ್ತದೆ, ಅದರಿಂದ ಆದ ತೊಂದ್ರೆ ಇನ್ನೊಂದರಲ್ಲಿ, ಮೊದಲನೇ ತುಂಡು ಮಾತ್ರ ನೋಡಿದವನು "ಈ ಮದ್ದಿನಿಂದ ಏನೂ ತೊಂದ್ರೆ ಇಲ್ಲ" ಅಂತ ಬರ್ದು ಬಿಡ್ತಾನೆ.

ತೊಂದ್ರೆ ಮದ್ದಿನಿಂದ್ಲೇ ಬಂದದ್ದು ಅಂತ ಹೇಗೆ ಗೊತ್ತಾಗುದು?

ಇದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ, ದೊಡ್ಡಮ್ಮನನ್ನೇ ಇಟ್ಟುಕೊಂಡು ಹೇಳ್ತೇನೆ. ಅವರಿಗೆ ಎರಡು ವರ್ಷದಿಂದ ಕಾಲು ಜೋಮು ಹಿಡಿತದೆ, ರಾತ್ರಿ ಪಾದ ಉರಿ. ಮೆಟ್‌ಫಾರ್ಮಿನ್ ತುಂಬ ವರ್ಷ ತಿಂದ್ರೆ ಮೈಯಲ್ಲಿ ಬಿ12 ಕಮ್ಮಿ ಆಗ್ತದೆ, ಬಿ12 ಕಮ್ಮಿ ಆದ್ರೆ ಜೋಮು ಬರ್ತದೆ. ಬ್ರಿಟನ್‌ನ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲಿ ಇದನ್ನು ಅಪರೂಪದ್ದಲ್ಲ, ಸಾಮಾನ್ಯ ಅಡ್ಡಪರಿಣಾಮ, ಹತ್ತರಲ್ಲಿ ಒಬ್ಬರ ತನಕ ಆಗ್ಬಹುದು ಅಂತ ಎಚ್ಚರಿಸಿದೆ. ಹಾಗಾದ್ರೆ ಮದ್ದೇ ಕಾರಣ ಅಂತ ಬರೆದು ಬಿಡುವನಾ? ತಡೀರಿ. ಶುಗರ್ ಕಾಯಿಲೆಯಿಂದ್ಲೂ ನರ ಹಾಳಾಗಿ ಇದೇ ಜೋಮು ಬರ್ತದೆ. ಮತ್ತೆ ನಮ್ಮ ಮನೆಯಲ್ಲಿ ಮೀನು ಮೊಟ್ಟೆ ಇಲ್ಲ, ಸಸ್ಯಾಹಾರಿಗಳಿಗೆ ಬಿ12 ಮೊದ್ಲೇ ಕಮ್ಮಿ. ಒಂದೇ ಜೋಮಿಗೆ ಮೂರು ಆರೋಪಿಗಳು.

ಮದ್ದು ಕೊಟ್ಟದ್ದೇ ಕಾಯಿಲೆ ಇದ್ದದ್ದಕ್ಕೆ, ಆ ಕಾಯಿಲೆಯೇ ತೊಂದ್ರೆ ಕೊಡ್ತಾ ಇದ್ರೆ ಆಪಾದನೆ ಮದ್ದಿನ ತಲೆ ಮೇಲೆ ಬೀಳ್ತದೆ. ಈ ಗೊಂದಲ ಬಿಡಿಸ್ಲಿಕ್ಕೆ ಸಂಶೋಧಕರು ಏನು ಮಾಡ್ತಾರೆ ಅಂದ್ರೆ, ಶುಗರ್ ಇದ್ದವರಲ್ಲೇ ಮೆಟ್‌ಫಾರ್ಮಿನ್ ತಿಂದವರನ್ನೂ ಬೇರೆ ಗುಳಿಗೆ ತಿಂದವರನ್ನೂ ಹೋಲಿಸ್ತಾರೆ, ಮದ್ದು ತಿನ್ನದ ಆರೋಗ್ಯವಂತರ ಜೊತೆ ಅಲ್ಲ. ಹೆಚ್ಚು ವರ್ಷ ತಿಂದವರಿಗೆ ಹೆಚ್ಚು ತೊಂದ್ರೆ ಉಂಟಾ ನೋಡ್ತಾರೆ. ಕೆಲವು ವಿಧಾನದಲ್ಲಿ ಒಬ್ಬನನ್ನು ಅವನ ಜೊತೆಗೇ ಹೋಲಿಸ್ತಾರೆ, ಮದ್ದು ತಿಂದ ವಾರಗಳು ಮತ್ತು ತಿನ್ನದ ವಾರಗಳು ಅಂತ. ಅವನ ಊಟ, ಅವನ ಬೀಡಿ ಎರಡು ಕಾಲಕ್ಕೂ ಒಂದೇ ಅಲ್ವ, ಹಾಗಾಗಿ ಅವು ಲೆಕ್ಕದಿಂದ ಬಿಟ್ಟು ಹೋಗ್ತವೆ. ಆದ್ರೆ ಏನು ತಿಂತಾರೆ ಅನ್ನುದು ರೆಕಾರ್ಡಿನಲ್ಲಿ ಬರೆದೇ ಇಲ್ಲದಿದ್ರೆ ಜನರ ನಡುವಿನ ಹೋಲಿಕೆಯಲ್ಲಿ ಯಾವ ಗಣಿತವೂ ಅದನ್ನು ಪೂರ್ತಿ ಸರಿ ಮಾಡ್ಲಿಕ್ಕಿಲ್ಲ.

ಇನ್ನೊಂದು, ರೆಕಾರ್ಡಿನಲ್ಲಿ ಇರುದು ಡಾಕ್ಟ್ರು ಬರೆದ ಮದ್ದು, ಹೊಟ್ಟೆಗೆ ಹೋದ ಮದ್ದಲ್ಲ. ಅಂಗಡಿಯಲ್ಲಿ ಇದ್ದಾಗ ನಾನೇ ನೋಡಿದ್ದೇನೆ, 30 ಗುಳಿಗೆ ಬರೆದ್ರೆ "ಸದ್ಯಕ್ಕೆ ಹತ್ತು ಕೊಡಿ" ಅಂತಾರೆ.

ಒಂದೇ ಡೇಟಾದಿಂದ ಎರಡು ಉತ್ತರ ಬರ್ತದಂತೆ ಹೌದಾ? ಹಾಗಾದ್ರೆ ನಂಬುದು ಹೇಗೆ?

ಬಂದದ್ದುಂಟು. ಮೂಳೆ ಸವೆತಕ್ಕೆ ವಾರಕ್ಕೊಂದು ಗುಳಿಗೆ ಕೊಡ್ತಾರಲ್ಲ, ಖಾಲಿ ಹೊಟ್ಟೆಗೆ ನೀರು ಕುಡಿದು ಅರ್ಧ ಗಂಟೆ ಮಲಗ್ಬಾರ್ದು ಅಂತ ಹೇಳುವಂಥದ್ದು, ಬಿಸ್‌ಫಾಸ್ಫೊನೇಟ್ ಜಾತಿಯದ್ದು. ಅದರಿಂದ ಅನ್ನನಾಳದ ಕ್ಯಾನ್ಸರ್ ಬರ್ತದಾ ಅಂತ 2010ರಲ್ಲಿ ಎರಡು ತಂಡ ಬ್ರಿಟನ್‌ನ ಅದೇ ಜಿಪಿ ಡೇಟಾಬೇಸ್ ತೆಗೆದು ನೋಡಿದ್ರು. ಆಗಸ್ಟಿನಲ್ಲಿ ಬಂದ ಪೇಪರ್ ಹೇಳಿತು, ಹೆಚ್ಚಳ ಇಲ್ಲ. ಸೆಪ್ಟೆಂಬರಿನಲ್ಲಿ ಬಂದದ್ದು ಹೇಳಿತು, ಹತ್ತು ಅಥವಾ ಅದಕ್ಕಿಂತ ಹೆಚ್ಚು ಸಲ ಚೀಟಿ ಬರೆಸಿಕೊಂಡವರಲ್ಲಿ ಹೆಚ್ಚುಕಮ್ಮಿ ಎರಡು ಪಟ್ಟು. ಯಾರೂ ಸುಳ್ಳು ಹೇಳ್ಲಿಲ್ಲ. ಮೊದಲನೆಯವರು ಮದ್ದು ತಿಂದವರನ್ನು ಸರಾಸರಿ ನಾಲ್ಕೂವರೆ ವರ್ಷ ಹಿಂಬಾಲಿಸಿದ್ರು, ಎರಡನೆಯವರು ಕ್ಯಾನ್ಸರ್ ಬಂದವರಿಂದ ಶುರು ಮಾಡಿ ಹಿಂದಕ್ಕೆ ಹೋಗಿ ನೋಡಿದ್ರು, ಹೆಚ್ಚು ವರ್ಷದ ಲೆಕ್ಕ ಅವರಿಗೆ ಸಿಕ್ಕಿತು. ಮತ್ತೆ ಎರಡು ಪಟ್ಟು ಅಂದಾಕ್ಷಣ ಹೆದರುದೂ ಬೇಡ: 60ರಿಂದ 79 ಪ್ರಾಯದವರಲ್ಲಿ ಐದು ವರ್ಷಕ್ಕೆ ಸಾವಿರಕ್ಕೆ ಒಂದು ಇದ್ದದ್ದು ಸಾವಿರಕ್ಕೆ ಎರಡು, ಅಷ್ಟೇ.

ನಮ್ಮ ದೇಶಕ್ಕೆ ಹತ್ರದ ಉದಾಹರಣೆ ಬೇಕಾದ್ರೆ ಪಿಯೋಗ್ಲಿಟಜೋನ್. ಇದೂ ಶುಗರ್ ಮದ್ದು. 2012ರಲ್ಲಿ ಬ್ರಿಟನ್ ಜಿಪಿ ರೆಕಾರ್ಡಿನ 1,15,727 ಜನರನ್ನು ನೋಡಿದ ಅಧ್ಯಯನ ಮೂತ್ರಕೋಶದ ಕ್ಯಾನ್ಸರ್ ಅಪಾಯ ಶೇ. 83 ಹೆಚ್ಚು ಅಂತು, ಅದೇ ಮೂಲದಿಂದ ನೋಡಿದ ಇನ್ನೊಂದು ತಂಡಕ್ಕೆ ಸ್ಪಷ್ಟ ಹೆಚ್ಚಳ ಕಾಣ್ಲಿಲ್ಲ. ಭಾರತದಲ್ಲಿ 2013ರ ಜೂನ್‌ನಲ್ಲಿ ಅದರ ಮಾರಾಟ ನಿಲ್ಲಿಸಿದ್ರು, ಜುಲೈ ಕೊನೆಗೆ ಎಚ್ಚರಿಕೆ ಮುದ್ರಿಸ್ಬೇಕು ಅಂತ ಹೇಳಿ ವಾಪಸ್ ಬಿಟ್ರು. ಡಾಕ್ಟ್ರುಗಳಲ್ಲೇ ಎರಡು ಪಕ್ಷ ಆಗಿತ್ತು. ನಮ್ಮವರ ದೇಹ, ನಮ್ಮವರು ತಿನ್ನುವ ಡೋಸ್ ಬೇರೆ ಅಂತ ವಾದ ಬಂತು, ವಾದ ಸರಿಯಿದ್ರೂ ಇರ್ಬಹುದು, ಆದ್ರೆ ತೋರಿಸ್ಲಿಕ್ಕೆ ಬ್ರಿಟನ್‌ನವರ ಹತ್ರ ಇದ್ದಂಥ ಫೈಲು ನಮ್ಮ ಹತ್ರ ಇಲ್ಲ. ನಂಗೆ ಅವತ್ತೂ ಇವತ್ತೂ ಬೇಜಾರು ಇರುದು ಅದಕ್ಕೇ.

ಇದರಿಂದ ಮದ್ದಿನ ಮೇಲೆ ಬರೀ ಆಪಾದನೆಯೇ ಬರುದಾ?

ಇಲ್ಲ ಮಾರಾಯ್ರೆ, ಬಿಡುಗಡೆಯೂ ಆಗ್ತದೆ. ಮಕ್ಕಳಿಗೆ ಕೊಡುವ ಎಂಎಂಆರ್ ಲಸಿಕೆಯಿಂದ ಆಟಿಸಂ ಬರ್ತದೆ ಅಂತ ಗಲಾಟೆ ಆದಾಗ ಇದೇ ಜಿಪಿ ರೆಕಾರ್ಡಿನಲ್ಲಿ 1,294 ಕೇಸುಗಳನ್ನು ನೋಡಿ, ಲಸಿಕೆಗೂ ಅದಕ್ಕೂ ಸಂಬಂಧ ಕಾಣುದಿಲ್ಲ ಅಂತ 2004ರಲ್ಲಿ ಪ್ರಕಟಿಸಿದ್ರು.

ಎಂಡೋಸಲ್ಫಾನ್ ವಿಷಯದಲ್ಲಿ ಇದನ್ನು ಮಾಡ್ಲಿಕ್ಕೆ ಆಗ್ತಿತ್ತಾ?

ಈ ಪ್ರಶ್ನೆ ಬರ್ತದೆ ಅಂತ ಗೊತ್ತಿತ್ತು, ನಮ್ಮ ಜಿಲ್ಲೆಯಲ್ಲಿ ಬರದೆ ಇರ್ಲಿಕ್ಕೆ ಸಾಧ್ಯವೇ ಇಲ್ಲ. ಅದು ಮದ್ದಲ್ಲ, ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ಬಿಟ್ಟ ಕೀಟನಾಶಕ. ಆದ್ರೆ ಮೊದಲು ಗಮನಿಸಿದ್ದು ಯಾರು? ಎಣ್ಮಕಜೆಯ ಪಡ್ರೆ ಗ್ರಾಮದ ವಾಣೀನಗರದಲ್ಲಿ ಕ್ಲಿನಿಕ್ ಇಟ್ಟ ಡಾ. ವೈ.ಎಸ್. ಮೋಹನ ಕುಮಾರ್, ಒಬ್ಬ ಹಳ್ಳಿ ಡಾಕ್ಟ್ರು. ಒಂದೇ ಕಡೆಯ ಮನೆಗಳಿಂದ ಒಂದೇ ನಮೂನೆ ಕಾಯಿಲೆ ಯಾಕೆ ಬರ್ತದೆ ಅಂತ ಅವರಿಗೆ ಸಂಶಯ ಬಂತು, ಪತ್ರಕರ್ತ ಶ್ರೀ ಪಡ್ರೆಯವರು ಅದನ್ನು ಹೊರಗೆ ಬರೆದ್ರು. ಪ್ರೈಮರಿ ಕೇರಿನ ಶಕ್ತಿ ಅಂದ್ರೆ ಅದೇ. ಆಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಬಂದು ಪಡ್ರೆಯ ಶಾಲೆ ಮಕ್ಕಳನ್ನು ಸಿಂಪಡಣೆ ಆಗದ ಮೀಂಜದ ಮಕ್ಕಳ ಜೊತೆ ಹೋಲಿಸಿತು. ಸಂಶಯ ಡಾಕ್ಟ್ರಿಂದ ಬರ್ತದೆ, ಸಾಕ್ಷಿ ಹೋಲಿಕೆಯಿಂದ. 1970ರ ದಶಕದಿಂದ್ಲೇ ಮನೆ ಮನೆಯ ಆರೋಗ್ಯ ಒಂದು ಕಡೆ ದಾಖಲಾಗಿದ್ರೆ ಇವತ್ತು ಸಂತ್ರಸ್ತರ ಪಟ್ಟಿಯಲ್ಲಿ ಯಾರು ಇರ್ಬೇಕು ಯಾರು ಬೇಡ ಅಂತ ತಾಯಂದಿರು ಆಫೀಸಿನಿಂದ ಆಫೀಸಿಗೆ ಚೀಟಿ ಹಿಡ್ಕೊಂಡು ಅಲೆಯುದು ಸ್ವಲ್ಪವಾದ್ರೂ ಕಮ್ಮಿ ಆಗ್ತಿತ್ತು.

ನನ್ನ ಕಾಯಿಲೆ ಊರಿಗೆಲ್ಲ ಗೊತ್ತಾಗ್ಲಿಕ್ಕಿಲ್ವ?

ನ್ಯಾಯವಾದ ಹೆದರಿಕೆ. ಸಿಪಿಆರ್‌ಡಿಯಲ್ಲಿ ಹೆಸರು, ವಿಳಾಸ, ಪೂರ್ತಿ ಜನ್ಮ ದಿನಾಂಕ ಸಂಶೋಧಕರಿಗೆ ಸಿಗುದಿಲ್ಲ, ದೊಡ್ಡವರದ್ದಾದ್ರೆ ಹುಟ್ಟಿದ ವರ್ಷ ಮಾತ್ರ. ಐದಕ್ಕಿಂತ ಕಮ್ಮಿ ಜನ ಇರುವ ಗುಂಪಿನ ಸಂಖ್ಯೆ ಪ್ರಕಟಿಸ್ಲಿಕ್ಕಿಲ್ಲ. 2020ರಲ್ಲಿ ಬಂದ ಓಪನ್‌ಸೇಫ್ಲಿ ಅನ್ನುವ ವ್ಯವಸ್ಥೆ ಇನ್ನೂ ಒಂದು ಹೆಜ್ಜೆ ಮುಂದೆ: ಡೇಟಾ ಹೊರಗೆ ಬರುದೇ ಇಲ್ಲ, ಸಂಶೋಧಕ ತನ್ನ ಲೆಕ್ಕದ ಪ್ರೋಗ್ರಾಂ ಕಳಿಸ್ಬೇಕು, ಉತ್ತರ ಮಾತ್ರ ವಾಪಸ್, ಯಾರು ಏನು ಲೆಕ್ಕ ಮಾಡಿದ್ರು ಅನ್ನುದು ಎಲ್ಲರಿಗೂ ಕಾಣ್ತದೆ. ನಂಗೆ ಇದೇ ಇಷ್ಟ. ಅಡುಗೆ ಕೋಣೆಯೊಳಗೆ ಬಿಡದೆ ಊಟ ಮಾತ್ರ ಹೊರಗೆ ಕೊಟ್ಟ ಹಾಗೆ.

ಹಾಗಂತ ಅಲ್ಲಿ ಎಲ್ಲ ಸಲೀಸಾಗಿ ಆಗ್ಲಿಲ್ಲ. ಕೇರ್ ಡಾಟ್ ಡೇಟಾ ಅಂತ ಇಂಗ್ಲೆಂಡಿನಲ್ಲಿ ಎಲ್ಲರ ಜಿಪಿ ರೆಕಾರ್ಡ್ ಒಟ್ಟು ಮಾಡ್ಲಿಕ್ಕೆ ಹೊರಟ್ರು, ಜನರಿಗೆ ಸರಿಯಾಗಿ ಹೇಳ್ಲಿಲ್ಲ, ಬೊಬ್ಬೆ ಆಗಿ 2014ರಲ್ಲಿ ತಡೆದು 2016ರಲ್ಲಿ ಪೂರ್ತಿ ಕೈಬಿಟ್ರು. ಈಗ ಅಲ್ಲಿ ನನ್ನದು ಬೇಡ ಅಂತ ಹೇಳುವ ಹಕ್ಕು ಉಂಟು. ನಮ್ಮಲ್ಲಿ 2023ರ ಡಿಜಿಟಲ್ ಡೇಟಾ ಕಾಯ್ದೆ ಸಂಶೋಧನೆಗೆ ಷರತ್ತಿನ ಮೇಲೆ ವಿನಾಯಿತಿ ಕೊಟ್ಟಿದೆ. ಸಣ್ಣ ಊರಿನಲ್ಲಿ ಹೆಸರು ತೆಗೆದ್ರೂ "ಆ ವಾರ್ಡಿನಲ್ಲಿ ಡಯಾಲಿಸಿಸ್ ಮಾಡುವ 34 ಪ್ರಾಯದ ಹೆಂಗಸು" ಅಂದ್ರೆ ಸಾಕಲ್ವ, ಗೊತ್ತಾಗ್ತದೆ. ಆ ಕಡೆ ಗಮನ ಇಲ್ಲದವರಿಗೆ ಡೇಟಾ ಕೊಡ್ಲಿಕ್ಕೆ ನಾನೂ ಒಪ್ಪುದಿಲ್ಲ.

ಡೇಟಾವೇ ಸುಳ್ಳಾದ್ರೆ?

2020ರಲ್ಲಿ ಕೋವಿಡಿಗೆ ಕೊಡ್ತಿದ್ದ ಹೈಡ್ರಾಕ್ಸಿಕ್ಲೋರೋಕ್ವಿನ್ ಬಗ್ಗೆ ಲ್ಯಾನ್ಸೆಟ್‌ನಂಥ ಪತ್ರಿಕೆಯಲ್ಲಿ ಬಂದ ಲೇಖನವನ್ನೇ ಜೂನ್‌ನಲ್ಲಿ ವಾಪಸ್ ತಗೊಳ್ಬೇಕಾಯ್ತು, ಡೇಟಾ ಎಲ್ಲಿಂದ ಬಂತು ಅಂತ ಅದನ್ನು ಕೊಟ್ಟ ಕಂಪನಿ ತೋರಿಸ್ಲಿಲ್ಲ. ಮೂಲ ಫೈಲು ಯಾರೂ ಹೋಗಿ ನೋಡ್ಲಿಕ್ಕೆ ಆಗದ ದೊಡ್ಡ ಸಂಖ್ಯೆಗಿಂತ ನೋಡ್ಲಿಕ್ಕೆ ಆಗುವ ಸಣ್ಣ ಸಂಖ್ಯೆ ಒಳ್ಳೇದು.

ಪೇಪರಿನಲ್ಲಿ ಮದ್ದು ಡೇಂಜರ್ ಅಂತ ಬಂದ್ರೆ ನಿಲ್ಲಿಸುದಾ?

ನಿಲ್ಲಿಸ್ಬೇಡಿ, ಮೊದ್ಲು ಕೇಳಿ. 1995ರ ಅಕ್ಟೋಬರಿನಲ್ಲಿ ಬ್ರಿಟನ್‌ನಲ್ಲಿ ಕೆಲವು ಹೊಸ ಗರ್ಭನಿರೋಧಕ ಗುಳಿಗೆಯಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ ಅಂತ ಡಾಕ್ಟ್ರುಗಳಿಗೆಲ್ಲ ಪತ್ರ ಹೋಯ್ತು, ಅದರ ಹಿಂದೆ ಇದ್ದ ಅಧ್ಯಯನಗಳಲ್ಲಿ ಜಿಪಿ ರೆಕಾರ್ಡಿನದ್ದೂ ಒಂದು. ಹೆಂಗಸರು ಹೆದರಿ ಗುಳಿಗೆಯನ್ನೇ ಬಿಟ್ರು, ಬೇಡದ ಬಸಿರು ಹೆಚ್ಚಾಯ್ತು, ಮರುವರ್ಷ ಗರ್ಭಪಾತವೂ ಹೆಚ್ಚಾಯ್ತು. ನಿಜವಾದ ಲೆಕ್ಕ ಎಷ್ಟು ಅಂದ್ರೆ, ವರ್ಷಕ್ಕೆ ಲಕ್ಷ ಹೆಂಗಸರಲ್ಲಿ ಹಳೇ ಗುಳಿಗೆಯಿಂದ 15, ಹೊಸದರಿಂದ 25, ಬಸುರಾದ್ರೆ 60. ಯಾವುದಕ್ಕೆ ಹೆದರಿ ಎಲ್ಲಿಗೆ ಓಡಿದ್ರು ನೋಡಿ.

ಕಷಾಯ, ಹೋಮಿಯೋಪತಿ?

ಅಡ್ಡಪರಿಣಾಮ ಅದರಲ್ಲೂ ಉಂಟು, ದಾಖಲೆ ಮಾತ್ರ ಕಮ್ಮಿ. ಡಾಕ್ಟ್ರಿಗೆ ಹೇಳಿ. ಬೈತಾರೆ ಅಂತ ಮುಚ್ಚಿಡ್ಬೇಡಿ, ಬೈದ್ರೂ ಬರ್ಕೊಳ್ತಾರೆ.

ನಮ್ಮಂಥವರು ಎಂತ ಮಾಡ್ಬಹುದು?

ಭಾರತದಲ್ಲಿ ಫಾರ್ಮಕೋವಿಜಿಲೆನ್ಸ್, ಅಂದ್ರೆ ಮದ್ದಿನ ಅಡ್ಡಪರಿಣಾಮದ ಮೇಲೆ ಕಣ್ಣಿಡುವ ಕಾರ್ಯಕ್ರಮ 2010ರಿಂದ ಉಂಟು, ಈಗ ಗಾಜಿಯಾಬಾದಿನಿಂದ ನಡೀತದೆ. ಮದ್ದು ತಿಂದು ತೊಂದ್ರೆ ಆದ್ರೆ ಡಾಕ್ಟ್ರು ಮಾತ್ರ ಅಲ್ಲ, ನೀವೇ ತಿಳಿಸ್ಬಹುದು: 1800-180-3024, ಕೆಲಸದ ದಿನ ಫೋನ್ ಮಾಡಿ, ದುಡ್ಡು ಇಲ್ಲ. ಸಾರ್ವಜನಿಕರಿಗೆ ಇರುವ ಫಾರ್ಮ್ ಕನ್ನಡದಲ್ಲೂ ಉಂಟು, ಮಲಯಾಳದಲ್ಲೂ ಉಂಟು. ಇದೇ ಮದ್ದಿನಿಂದ ಆಯ್ತು ಅಂತ ಸಾಬೀತು ಮಾಡುದು ನಿಮ್ಮ ತಲೆಬಿಸಿ ಅಲ್ಲ, ಸಂಶಯ ಇದ್ರೆ ಸಾಕು. ಮತ್ತೆ ಶೀಟಿನಿಂದ ಗುಳಿಗೆ ತೆಗೆಯುವಾಗ ಹೆಸರು ಇರುವ ಬದಿಯನ್ನು ಕೊನೆಗೆ ಹರೀರಿ, ಫಾರ್ಮಸಿಸ್ಟಿನವನ ಪ್ರಾರ್ಥನೆ ಇದು.

ಕನ್ನಡದಲ್ಲಿ ಹೇಳಿದ್ದು ಮಲಯಾಳಿ ಡಾಕ್ಟ್ರ ಕಂಪ್ಯೂಟರಿಗೆ ಸರಿಯಾಗಿ ಹೋಗ್ತದಾ?

ದೊಡ್ಡಮ್ಮನ ಏಳು ಚೀಟಿಯಲ್ಲಿ ನಾನು ಹುಡುಕಿದ್ದು ಅದನ್ನೇ. ಜೋಮು ಅಂತ ಪ್ರತಿ ಸಲ ಹೇಳಿದ್ದೇನೆ ಅಂತಾರೆ. ಐದು ಚೀಟಿಯಲ್ಲಿ ಕಾಲು ನೋವು, ಒಂದರಲ್ಲಿ ಮೈಕೈ ನೋವು, ಒಂದರಲ್ಲಿ ಏನೂ ಇಲ್ಲ. ಡಾಕ್ಟ್ರು ತೆಂಕು ಕಡೆಯವರು, ಒಳ್ಳೆಯವರೇ, ಹೊರಗೆ ಎಂಬತ್ತು ಜನ ಕಾಯ್ತಾ ಇದ್ರು. ಜೋಮಿಗೆ ಮಲಯಾಳದಲ್ಲಿ ತರಿಪ್ಪು ಅಂತಾರೆ ಅಂತ ದೊಡ್ಡಮ್ಮನಿಗೆ ಹೇಳಿಕೊಟ್ಟು, ಎರಡು ಮೆಟ್‌ಫಾರ್ಮಿನ್ ಶೀಟನ್ನೂ ಕೈಯಲ್ಲಿ ಕೊಟ್ಟು ಕಳಿಸಿದೆ. ಬಿ12 ಟೆಸ್ಟಿಗೆ ಬರೆದು ಕೊಟ್ಟಿದ್ದಾರೆ, ಒಂದು ಗುಳಿಗೆಗೆ ಗೆರೆ ಎಳೆದಿದ್ದಾರೆ. ರಿಪೋರ್ಟು ಬುಧವಾರ ಸಿಗ್ತದಂತೆ, ಮಂಗಳೂರಿನ ಲ್ಯಾಬಿನಿಂದ.